ಏಳನೇ ವರ್ಷದ ಬಿಡುಗಡೆ

ಒಂದು ಭಾನುವಾರ ಬೆಳಿಗ್ಗೆ ಸಾಗರದಿಂದ ಗೆಳತಿಯ ಫೋನು. ಆರು ವರ್ಷ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದವಳು. ಅವಳ ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಎಂಟು ತಿಂಗಳ ಸಬ್ಯಾಟಿಕಲ್ ತಗೊಂಡು ಊರಿಗೆ ಹೋಗಿದ್ದಳು. ಸಂಬಳ ಇಲ್ಲದ ರಜೆ. ಐದನೇ ತಿಂಗಳ ಹೊತ್ತಿಗೆ, ಇನ್ನು ಬೆಂಗಳೂರಿಗೆ ವಾಪಸ್ ಹೋಗೋದು ಆಗಲ್ಲ ಅಂತ ಖಾತ್ರಿಯಾಯಿತು. ರಾಜೀನಾಮೆಯ ಮೇಲ್ ಕಳಿಸಿದಳು.

ಎಚ್‌ಆರ್‌ನಿಂದ ಬಂದ ಉತ್ತರದಲ್ಲಿ ಮೂರು ಮಾತಿದ್ದವು. ಒಂದು, ಸಬ್ಯಾಟಿಕಲ್‌ನಲ್ಲಿ ಇರುವಾಗ ರಾಜೀನಾಮೆ ತಗೊಳ್ಳಲ್ಲ, ಮೊದಲು ಬಂದು ಕೆಲಸಕ್ಕೆ ಸೇರಿ, ಆಮೇಲೆ ನೋಟಿಸ್ ಕೊಡಿ. ಎರಡು, ರಜೆಗೆ ಹೋಗುವಾಗ ಸಹಿ ಹಾಕಿದ ಕಾಗದದ ಪ್ರಕಾರ ವಾಪಸ್ ಬಂದು ಒಂದು ವರ್ಷ ಕೆಲಸ ಮಾಡಬೇಕು, ಇಲ್ಲದಿದ್ದರೆ ಮೂರು ತಿಂಗಳ ಬೇಸಿಕ್ ಕಟ್ಟಬೇಕು. ಮೂರು, ಇದು ಇತ್ಯರ್ಥ ಆಗುವ ತನಕ ಗ್ರಾಚ್ಯುಟಿ ತಡೆಹಿಡಿಯುತ್ತೇವೆ.

"ಏನ್ ಮಾರಾಯ, ಕೆಲಸ ಬಿಡೋಕೂ ಪರ್ಮಿಷನ್ ಬೇಕಾ? ನಾನೇನು ಜೀತಕ್ಕಿದ್ದೀನಾ?" ಅಂದಳು.

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಚರಿತ್ರೆ ಓದುವವನಿಗೆ ಆ ಕೊನೆಯ ಪ್ರಶ್ನೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಕೆಲಸ ಬಿಡುವ ಹಕ್ಕು ನಮಗೆ ಯಾವಾಗ ಬಂತು? ಅದು ಮೊದಲಿಂದಲೂ ಇತ್ತು ಅಂದುಕೊಂಡಿದ್ದೇವೆ. ಇರಲಿಲ್ಲ. ಈ ದೇಶದಲ್ಲಿ ಕೆಲಸ ಬಿಟ್ಟು ಹೋದದ್ದಕ್ಕೆ ಜೈಲಿಗೆ ಹಾಕುವ ಕಾನೂನು ಹೋಗಿ ಇನ್ನೂ ನೂರು ವರ್ಷ ಆಗಿದೆ, ಅಷ್ಟೇ.

ಮೊದಲು ಸಬ್ಯಾಟಿಕಲ್ ಅನ್ನುವ ಪದವನ್ನೇ ನೋಡೋಣ. ಅದರ ಬೇರು ಹೀಬ್ರೂ ಭಾಷೆಯ ಶಬ್ಬಾತ್. ನಿಲ್ಲಿಸು, ಬಿಡು ಅನ್ನುವ ಅರ್ಥ. ಯೆಹೂದ್ಯರ ಧರ್ಮಗ್ರಂಥದ ಪ್ರಕಾರ ವಾರದ ಏಳನೇ ದಿನ ಮನುಷ್ಯನಿಗೆ, ಎತ್ತಿಗೆ, ಕತ್ತೆಗೆ, ಆಳಿಗೆ ವಿಶ್ರಾಂತಿ. ಹಾಗೆಯೇ ಏಳನೇ ವರ್ಷ ಹೊಲಕ್ಕೆ ವಿಶ್ರಾಂತಿ. ಆ ವರ್ಷ ಉಳುವ ಹಾಗಿಲ್ಲ, ತಾನಾಗಿ ಬೆಳೆದದ್ದು ಬಡವರ ಪಾಲು. ಏಳನೇ ವರ್ಷಕ್ಕೆ ಸಾಲಮನ್ನಾ ಕೂಡ ಉಂಟು.

ಇಷ್ಟು ಬಹಳ ಜನರಿಗೆ ಗೊತ್ತಿರಬಹುದು. ಅದೇ ಗ್ರಂಥದಲ್ಲಿ ಇನ್ನೊಂದು ನಿಯಮ ಇದೆ, ಅದನ್ನು ಅಷ್ಟಾಗಿ ಯಾರೂ ಹೇಳಲ್ಲ. ಸಾಲಕ್ಕೋ ಬಡತನಕ್ಕೋ ತನ್ನನ್ನೇ ಮಾರಿಕೊಂಡ ಹೀಬ್ರೂ ಆಳು ಆರು ವರ್ಷ ದುಡಿದರೆ ಸಾಕು, ಏಳನೇ ವರ್ಷ ಅವನನ್ನು ಬಿಟ್ಟುಬಿಡಬೇಕು. ಬಿಡುವಾಗ ಬರಿಗೈಯಲ್ಲಿ ಕಳಿಸಬಾರದು, ಕುರಿಮಂದೆಯಿಂದ, ಕಣದಿಂದ, ದ್ರಾಕ್ಷಿ ಗಾಣದಿಂದ ಧಾರಾಳವಾಗಿ ಕೊಟ್ಟು ಕಳಿಸಬೇಕು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದರೆ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟು. ಆಳೇ "ನಾನು ಹೋಗಲ್ಲ, ಇಲ್ಲೇ ಇರ್ತೀನಿ" ಅಂದರೆ? ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚಬೇಕು, ಆಮೇಲೆ ಅವನು ಕಾಯಂ ಆಳು. ಅಂದರೆ ಉಳಿಯೋದಕ್ಕೆ ಗುರುತು ಬೇಕಿತ್ತು, ಹೋಗೋದಕ್ಕೆ ಬೇಕಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಈ ಹಳೆಯ ಪದ ಆಫೀಸಿನ ಪದ ಆಗಿದ್ದು 1880ರಲ್ಲಿ, ಅದೂ ಒಬ್ಬ ಸಂಸ್ಕೃತ ಮೇಷ್ಟ್ರ ದೆಸೆಯಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ಗೆ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ರಾಕ್‌ವೆಲ್ ಲ್ಯಾನ್ಮನ್ ಬೇಕಾಗಿದ್ದರು. ಒಳ್ಳೆ ಸಂಬಳದ ಜೊತೆಗೆ, ಏಳು ವರ್ಷಕ್ಕೊಮ್ಮೆ ಅರ್ಧ ಸಂಬಳದ ಒಂದು ವರ್ಷದ ರಜೆಯ ಆಸೆಯನ್ನೂ ತೋರಿಸಿದರು. ಲ್ಯಾನ್ಮನ್ ಹಾರ್ವರ್ಡ್‌ಗೆ ಬಂದರು. ಮುಂದೆ 1884ರಲ್ಲಿ ಅವರು ತಂದ ಸಂಸ್ಕೃತ ಪಠ್ಯಪುಸ್ತಕ ತಲೆಮಾರುಗಳ ಕಾಲ ಪಾಶ್ಚಾತ್ಯ ವಿದ್ಯಾರ್ಥಿಗಳ ಕೈಯಲ್ಲಿ ಇತ್ತು. 1889ರಲ್ಲಿ ಭಾರತಕ್ಕೂ ಬಂದು ಹಸ್ತಪ್ರತಿಗಳನ್ನು ಕೊಂಡು ಹೋದರು.

ಇಲ್ಲಿ ಒಂದು ಸಣ್ಣ ತಿರುವು ಇದೆ. ಹಳೆಯ ನಿಯಮದಲ್ಲಿ ಏಳನೇ ವರ್ಷ ಅಂದರೆ ಬಿಡುಗಡೆ. ಹಾರ್ವರ್ಡ್‌ನಲ್ಲಿ ಏಳನೇ ವರ್ಷ ಅಂದರೆ ಜನರನ್ನು ಸೆಳೆಯುವ, ಉಳಿಸಿಕೊಳ್ಳುವ ಉಪಾಯ. ರಜೆ ಕೊಡುವುದೇ ವಾಪಸ್ ಬರಲಿ ಅಂತ. ಸಬ್ಯಾಟಿಕಲ್ ಅನ್ನುವ ಪದದ ಹೊಟ್ಟೆಯಲ್ಲಿ ಅಂದಿನಿಂದ ಈ ಎರಡೂ ಅರ್ಥ ಜಗಳ ಆಡುತ್ತಲೇ ಇವೆ. ಹೋಗುವವಳಿಗೆ ಅದು ಬಿಡುಗಡೆಯ ಹಾಗೆ ಕಾಣುತ್ತೆ, ಕಳಿಸುವವನಿಗೆ ಮುಂಗಡದ ಹಾಗೆ.

ಮುಂಗಡ. ನಮ್ಮ ಕಡೆ ಕೆಲಸ ಬಿಡುವ ಹಕ್ಕಿನ ಕಥೆ ಶುರುವಾಗುವುದೇ ಈ ಪದದಿಂದ.

1859ರಲ್ಲಿ ಬ್ರಿಟಿಷ್ ಸರ್ಕಾರ ಕೆಲಸಗಾರರ ಕರಾರುಭಂಗ ಕಾಯ್ದೆ ಅಂತ ಒಂದನ್ನು ತಂದಿತು. ಆ ವರ್ಷದ ಹದಿಮೂರನೇ ಕಾಯ್ದೆ. ಮೊದಲಿಗೆ ಕಲ್ಕತ್ತಾ, ಮದ್ರಾಸ್, ಬಾಂಬೆ ನಗರಗಳಿಗೆ ಮಾತ್ರ. ಅಲ್ಲಿನ ಯುರೋಪಿಯನ್ ವ್ಯಾಪಾರಿಗಳಿಗೆ, ಮುಂಗಡ ತಗೊಂಡ ಕುಶಲಕರ್ಮಿಗಳು ಕೆಲಸ ಮುಗಿಸದೆ ಹೋಗುತ್ತಾರೆ ಅನ್ನುವ ತಲೆನೋವಿತ್ತು. ಕಾಯ್ದೆ ಏನು ಮಾಡಿತು ಅಂದರೆ, ಈ ಸಿವಿಲ್ ವ್ಯವಹಾರವನ್ನು ಮ್ಯಾಜಿಸ್ಟ್ರೇಟ್ ಕೈಗೆ ಕೊಟ್ಟಿತು. ಮಾಲೀಕ ದೂರು ಕೊಟ್ಟರೆ ಮ್ಯಾಜಿಸ್ಟ್ರೇಟ್ ಕೆಲಸಗಾರನನ್ನು ಹಿಡಿದು ತರಿಸಿ, ಮುಂಗಡ ವಾಪಸ್ ಕೊಡು ಅಥವಾ ಕೆಲಸ ಮುಗಿಸು ಅಂತ ಆಜ್ಞೆ ಮಾಡಬಹುದು. ಪಾಲಿಸದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ.

ನಗರದ ಬಡಗಿ, ಗಾರೆಯವರಿಗೆ ಅಂತ ಬಂದ ಕಾನೂನು ತೋಟಗಳಿಗೆ ಹಬ್ಬಲು ಬಹಳ ದಿನ ಹಿಡಿಯಲಿಲ್ಲ. ಅಸ್ಸಾಮಿನ ಚಹಾ ತೋಟ, ನೀಲಗಿರಿ, ವಯನಾಡು, ನಮ್ಮ ಕೊಡಗು, ಎಲ್ಲ ಕಡೆ ಬಂತು. ಕೊಡಗಿನ ಕಾಫಿ ತೋಟಗಳಿಗೆ ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿನಿಂದ ಆಳುಗಳು ಬರುತ್ತಿದ್ದರು. ಕರೆತರುತ್ತಿದ್ದವನು ಮೇಸ್ತ್ರಿ. ತೋಟದ ಯಜಮಾನ ಮೇಸ್ತ್ರಿಗೆ ದುಡ್ಡು ಕೊಡುತ್ತಿದ್ದ, ಮೇಸ್ತ್ರಿ ಊರೂರು ಅಲೆದು ಮುಂಗಡ ಹಂಚುತ್ತಿದ್ದ. ಮನೆಯಲ್ಲಿ ಮದುವೆ, ತಿಥಿ, ಕಾಯಿಲೆ ಇದ್ದವರು ಈಸಿಕೊಳ್ಳುತ್ತಿದ್ದರು. ಹಾಗೆ ಈಸಿಕೊಂಡವರು ತೋಟದಲ್ಲಿ ಜ್ವರ ಬಂದರೂ ಬಿಟ್ಟು ಹೋಗುವ ಹಾಗಿಲ್ಲ. ಹೋದರೆ ವಾರಂಟು.

ಇಲ್ಲಿ ಗಮನಿಸಬೇಕಾದದ್ದು, ಮುಂಗಡ ಅನ್ನುವುದು ಬರೀ ಸಾಲ ಆಗಿರಲಿಲ್ಲ. ಸಾಲ ತೀರಿಸದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು, ವರ್ಷಗಟ್ಟಲೆ ಅಲೆಯಬೇಕು. ಮುಂಗಡ ಆದರೆ ಆಳೇ ಅಡವು. ದುಡ್ಡು ವಾಪಸ್ ಬರಲಿ ಅನ್ನುವುದಕ್ಕಿಂತ ಆಳು ಜಾಗ ಬಿಟ್ಟು ಕದಲದಿರಲಿ ಅನ್ನುವುದೇ ಅದರ ಉದ್ದೇಶ.

ಮರುವರ್ಷ, 1860ರಲ್ಲಿ, ಭಾರತೀಯ ದಂಡ ಸಂಹಿತೆ ಬಂತು. ಅದರ 492ನೇ ಸೆಕ್ಷನ್ ಈಗ ಯಾರಿಗೂ ನೆನಪಿಲ್ಲ. ಮಾಲೀಕನ ಖರ್ಚಿನಲ್ಲಿ ದೂರದ ಊರಿಗೆ ಕರೆದೊಯ್ದ ಕೆಲಸಗಾರ, ಮೂರು ವರ್ಷ ಮೀರದ ಲಿಖಿತ ಕರಾರು ಇರುವಾಗ ಮಧ್ಯದಲ್ಲಿ ಬಿಟ್ಟು ಹೋದರೆ ಒಂದು ತಿಂಗಳವರೆಗೆ ಜೈಲು, ಅಥವಾ ಆ ಪ್ರಯಾಣದ ಖರ್ಚಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆನ್‌ಸೈಟ್‌ಗೆ ಕಳಿಸುವಾಗ ಸಹಿ ಹಾಕಿಸಿಕೊಳ್ಳುವ ಬಾಂಡ್ ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗೆ ಇದೆಯಲ್ಲ ಅನ್ನಿಸಬಹುದು.

ಬ್ರಿಟನ್‌ನಲ್ಲೂ ಇಂಥದ್ದೇ ಕಾನೂನು ಇತ್ತು. ಆದರೆ ಅಲ್ಲಿನ ಕಾರ್ಮಿಕರು ಹೋರಾಡಿ 1875ರಲ್ಲಿ ಅದನ್ನು ತೆಗೆಸಿದರು. ಕೆಲಸ ಬಿಟ್ಟರೆ ನಷ್ಟ ಕೇಳಬಹುದು, ಜೈಲಿಗೆ ಹಾಕುವ ಹಾಗಿಲ್ಲ ಅಂತಾಯಿತು. ಅದೇ ಬ್ರಿಟಿಷರು ಭಾರತದಲ್ಲಿ ಆ ಜೈಲನ್ನು ಇನ್ನೂ ಐವತ್ತು ವರ್ಷ ಇಟ್ಟುಕೊಂಡರು. 1859ರ ಕಾಯ್ದೆಯನ್ನು ರದ್ದು ಮಾಡುವ ಕಾನೂನು ಪಾಸಾಗಿದ್ದು 1925ರಲ್ಲಿ, ಜಾರಿಗೆ ಬಂದದ್ದು 1926ರ ಏಪ್ರಿಲ್ 1ರಂದು. ದಂಡ ಸಂಹಿತೆಯ 492ನೇ ಸೆಕ್ಷನ್ ಕೂಡ ಅದರ ಜೊತೆಗೇ ಹೋಯಿತು. ಸಾಲಕ್ಕೆ ತಲೆಮಾರುಗಟ್ಟಲೆ ದುಡಿಸಿಕೊಳ್ಳುವ ಜೀತ ಮಾತ್ರ ಹಳ್ಳಿಗಳಲ್ಲಿ ಉಳಿದೇ ಇತ್ತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದ ಮೇಲೂ, ಜೀತ ಪದ್ಧತಿ ರದ್ದಿಯ ಕಾಯ್ದೆ ಬರಲು 1976 ಆಗಬೇಕಾಯಿತು.

ಹಾಗಾಗಿ ಗೆಳತಿಗೆ ನಾನು ಕೊಟ್ಟ ಮೊದಲ ಉತ್ತರ ಇದು. ಇಲ್ಲ, ನೀನು ಜೀತಕ್ಕಿಲ್ಲ. ಆದರೆ ನಿನ್ನ ಎಚ್‌ಆರ್ ಬಳಸುತ್ತಿರುವ ತರ್ಕಕ್ಕೆ ನೂರೈವತ್ತು ವರ್ಷ ದಾಟಿದೆ. ಕೊಟ್ಟದ್ದನ್ನು ಹಿಡಿದುಕೊಂಡು ಮನುಷ್ಯರನ್ನು ಹಿಡಿಯುವುದು.

ಜೈಲು ಹೋದ ಮೇಲೆ ಉಳಿದದ್ದು ದುಡ್ಡು. ಅದಕ್ಕೆ ಬೇಕಾದ ಚೌಕಟ್ಟು ಆಗಲೇ ಸಿದ್ಧವಿತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್, ಯಾರನ್ನೇ ಆಗಲಿ ತಮ್ಮ ವೃತ್ತಿ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು ಅನ್ನುತ್ತೆ. 74ನೇ ಸೆಕ್ಷನ್, ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ದರೂ ಆ ಮೊತ್ತದೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತೆ ಅನ್ನುತ್ತೆ. ಕಾಗದದಲ್ಲಿ ಬರೆದ ಅಂಕಿ ಗರಿಷ್ಠ ಮಿತಿಯೇ ಹೊರತು ಕಣ್ಣು ಮುಚ್ಚಿ ಕೊಡಿಸುವ ಮೊತ್ತ ಅಲ್ಲ. ಇನ್ನು ನಿರ್ದಿಷ್ಟ ಪರಿಹಾರ ಕಾಯ್ದೆ, ಮೊದಲು 1877ರದ್ದು, ಆಮೇಲೆ 1963ರದ್ದು. ಅದರ ಪ್ರಕಾರ ಒಬ್ಬ ಮನುಷ್ಯ ಇನ್ನೊಬ್ಬನ ಹತ್ತಿರ ಕೆಲಸ ಮಾಡಲೇಬೇಕು ಅಂತ ಕೋರ್ಟು ಬಲವಂತ ಮಾಡಲ್ಲ. ಮನಸ್ಸಿಲ್ಲದವನಿಂದ ಮಾಡಿಸಿದ ಕೆಲಸಕ್ಕೆ ಬೆಲೆ ಇಲ್ಲ, ಮಾಡಿಸಲು ಕೋರ್ಟಿಗೆ ದಾರಿಯೂ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಸೆಕ್ಷನ್‌ಗಳ ಸುತ್ತ ಸುಪ್ರೀಂ ಕೋರ್ಟ್ ಕಟ್ಟಿದ ಗೋಡೆಗಳನ್ನು ಮೂರು ನಾಲ್ಕು ಪ್ರಕರಣದಲ್ಲಿ ನೋಡಬಹುದು.

1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣ. ಕಂಪನಿ ಟೈರಿನೊಳಗೆ ಹಾಕುವ ನೂಲಿನ ಕಾರ್ಖಾನೆ ಮಾಡಿತ್ತು, ವಿದೇಶಿ ತಂತ್ರಜ್ಞಾನ ತಂದಿತ್ತು. ಐದು ವರ್ಷದ ಕರಾರಿಗೆ ಸಹಿ ಹಾಕಿದ್ದ ಒಬ್ಬ ಶಿಫ್ಟ್ ಸೂಪರ್‌ವೈಸರ್ ತರಬೇತಿ ಪಡೆದು, ಮಧ್ಯದಲ್ಲೇ ಬಿಟ್ಟು, ಹೆಚ್ಚು ಸಂಬಳಕ್ಕೆ ಇನ್ನೊಂದು ಕಂಪನಿ ಸೇರಿಕೊಂಡ. ಕರಾರಿನ ಅವಧಿ ಮುಗಿಯುವ ತನಕ ಪ್ರತಿಸ್ಪರ್ಧಿಯ ಹತ್ತಿರ ಆ ಕೆಲಸ ಮಾಡಬಾರದು ಅನ್ನುವ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೌಕರಿಯ ಅವಧಿಯೊಳಗಿನ ನಿರ್ಬಂಧ ಬೇರೆ, ನೌಕರಿ ಮುಗಿದ ಮೇಲಿನ ನಿರ್ಬಂಧ ಬೇರೆ ಅನ್ನುವ ಗೆರೆ ಅಲ್ಲಿ ಗಟ್ಟಿಯಾಯಿತು. ಸಬ್ಯಾಟಿಕಲ್‌ನಲ್ಲಿ ಇರುವವರು ಇದನ್ನು ಬಹಳ ಹುಷಾರಾಗಿ ಓದಬೇಕು. ಸಂಬಳ ಬರದಿದ್ದರೂ ನೀವು ಇನ್ನೂ ನೌಕರರೇ. ರಾಜೀನಾಮೆ ಕೊಡದೆ ಸಬ್ಯಾಟಿಕಲ್‌ನಲ್ಲಿದ್ದುಕೊಂಡೇ ಇನ್ನೊಂದು ಕಂಪನಿಯ ಕೆಲಸ ಶುರು ಮಾಡಿದರೆ 27ನೇ ಸೆಕ್ಷನ್ ನಿಮ್ಮ ಕೈ ಹಿಡಿಯುತ್ತೆ ಅಂತ ನಂಬಿಕೊಳ್ಳಬೇಡಿ.

1986ರ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಪ್ರಕರಣ ನೌಕರರ ಕಡೆಗೆ ವಾಲಿದ್ದು. ಕಾಯಂ ನೌಕರನನ್ನು ಮೂರು ತಿಂಗಳ ನೋಟಿಸ್ ಕೊಟ್ಟು, ಕಾರಣ ಹೇಳದೆ ತೆಗೆಯಬಹುದು ಅನ್ನುವ ಸರ್ಕಾರಿ ಕಂಪನಿಯೊಂದರ ನಿಯಮವನ್ನು ಕೋರ್ಟು ತಳ್ಳಿಹಾಕಿತು. ದೊಡ್ಡ ಸಂಸ್ಥೆಯ ಮುಂದೆ ಒಬ್ಬ ನೌಕರ ಸಹಿ ಹಾಕುವಾಗ ಎರಡೂ ಕಡೆಯ ಬಲ ಒಂದೇ ಅಲ್ಲ, ಹಾಗಾಗಿ ಸಹಿ ಇದೆ ಅಂದ ಮಾತ್ರಕ್ಕೆ ಮಾತು ಮುಗಿಯಲ್ಲ ಅಂತ ಒಪ್ಪಿಕೊಂಡಿತು.

2018ರಲ್ಲಿ ಏರ್ ಇಂಡಿಯಾದ ನೌಕರರೊಬ್ಬರ ಪ್ರಕರಣ ಬಂತು. ರಾಜೀನಾಮೆ ಕೊಡುವುದು ನೌಕರನ ಹಕ್ಕು, ಮನಸ್ಸಿಲ್ಲದವನನ್ನು ಕೆಲಸ ಮಾಡು ಅಂತ ಹಿಡಿದಿಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸೇವಾ ನಿಯಮದಲ್ಲೋ ನೇಮಕಾತಿಯ ಷರತ್ತಿನಲ್ಲೋ ಬೇರೆ ಮಾತಿದ್ದರೆ, ಅಥವಾ ಶಿಸ್ತುಕ್ರಮ ಬಾಕಿ ಇದ್ದರೆ ಆ ಮಾತು ಬೇರೆ.

ಕೊನೆಯದು ನಮ್ಮ ಊರಿನದೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಅದಕ್ಕೂ ಮೊದಲು, ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಬಾಂಡ್ ಮೇಲೆ ಅಧಿಕಾರಿಗಳನ್ನು ತಗೊಂಡಿತ್ತು. 2009ರಲ್ಲಿ ಒಬ್ಬ ಅಧಿಕಾರಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ಪ್ರತಿಭಟನೆ ದಾಖಲಿಸಿ ದುಡ್ಡು ಕಟ್ಟಿದರು, ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಜನರನ್ನು ತಗೊಳ್ಳಬೇಕು, ಮಧ್ಯದಲ್ಲಿ ಬಿಟ್ಟರೆ ಆ ಖರ್ಚು ನಿಜವಾದದ್ದು, ಅಧಿಕಾರಿಯ ಸಂಬಳ ನೋಡಿದರೆ ಈ ಮೊತ್ತ ವಿಪರೀತವೇನಲ್ಲ ಅನ್ನುವುದು ಅದರ ನಿಲುವು.

ಈ ತೀರ್ಪು ಬಂದಾಗ ಬಾಂಡ್‌ಗಳಿಗೆಲ್ಲ ಸೀಲು ಬಿತ್ತು ಅಂತ ವಾಟ್ಸಾಪ್‌ನಲ್ಲಿ ಓಡಾಡಿತು. ಹಾಗಲ್ಲ. ಆ ಅಧಿಕಾರಿಯ ರಾಜೀನಾಮೆಯನ್ನು ಯಾರೂ ತಡೆಯಲಿಲ್ಲ. ಅವರು ಹೋದರು, ಬೇರೆ ಕಡೆ ಸೇರಿದರು. ಪ್ರಶ್ನೆ ಇದ್ದದ್ದು 2 ಲಕ್ಷದ ಬಗ್ಗೆ ಮಾತ್ರ. ಕೋರ್ಟು ಗೆಲ್ಲಿಸಿದ್ದು ಕೂಡ, ನಿಜವಾಗಿ ಖರ್ಚಾಗುತ್ತೆ ಮತ್ತು ಮೊತ್ತ ಅತಿಯಾಗಿಲ್ಲ ಅನ್ನುವ ಎರಡು ಕಾಲಿನ ಮೇಲೆ. 1859ರ ಮ್ಯಾಜಿಸ್ಟ್ರೇಟ್‌ಗೂ 2025ರ ಸುಪ್ರೀಂ ಕೋರ್ಟಿಗೂ ನಡುವೆ ಆದ ಬದಲಾವಣೆ ಇದೇ: ಮನುಷ್ಯ ಅಡವು ಅಲ್ಲ, ಖರ್ಚು ಮಾತ್ರ ಬಾಕಿ.

ಸರ್ಕಾರಿ ನೌಕರರ ವಿಷಯದಲ್ಲಿ ಈ ಲೆಕ್ಕವನ್ನು ಬಿಚ್ಚಿಯೇ ಬರೆದಿದ್ದಾರೆ. 1972ರ ಕೇಂದ್ರ ನಾಗರಿಕ ಸೇವಾ ರಜಾ ನಿಯಮಗಳ ಪ್ರಕಾರ ಅಧ್ಯಯನ ರಜೆಗೆ ಹೋದವರು ವಾಪಸ್ ಬರದೆ, ಅಥವಾ ಬಂದ ಮೂರು ವರ್ಷದೊಳಗೆ ರಾಜೀನಾಮೆ ಕೊಟ್ಟರೆ, ರಜೆಯಲ್ಲಿ ಪಡೆದ ಸಂಬಳ, ಅಧ್ಯಯನ ಭತ್ಯೆ, ಪ್ರಯಾಣದ ಖರ್ಚು ಮುಂತಾದ್ದನ್ನು ಹಿಂದಿರುಗಿಸಬೇಕು. ಅಲ್ಲಿ ರಾಜೀನಾಮೆ ಅಂಗೀಕಾರವಾಗುವ ತನಕ ಜಾರಿಗೂ ಬರಲ್ಲ. ಖಾಸಗಿ ಕಂಪನಿಗಳಲ್ಲಿ ಇಂಥ ಪುಸ್ತಕ ಇಲ್ಲ. ಕರ್ನಾಟಕದಲ್ಲಂತೂ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂದರು. ಹಾಗಾಗಿ ಆಫರ್ ಲೆಟರ್, ರಜೆಯ ಪಾಲಿಸಿ, ರಜೆಗೆ ಹೋಗುವ ಅವಸರದಲ್ಲಿ ಓದದೆ ಸಹಿ ಹಾಕಿದ ಕಾಗದ, ಇವೇ ಪುಸ್ತಕ.

ಈಗ ಗೆಳತಿಯ ಮೂರು ಪ್ರಶ್ನೆಗೆ ಬರೋಣ.

ರಜೆಯಲ್ಲಿ ಇರುವಾಗ ರಾಜೀನಾಮೆ ಕೊಡಬಹುದಾ? ಕೊಡಬಹುದು. ಕಾಗದದಲ್ಲಿ ಬೇರೆ ಮಾತಿಲ್ಲದಿದ್ದರೆ ನೋಟಿಸ್ ಅವಧಿ ಕೊಟ್ಟ ದಿನದಿಂದಲೇ ಓಡುತ್ತೆ. ರಜೆಯ ದಿನಗಳನ್ನು ನೋಟಿಸ್‌ಗೆ ಲೆಕ್ಕ ಹಿಡಿಯಲ್ಲ ಅಂತ ಬರೆದಿದ್ದರೆ ಆ ದಿನಗಳ ಬದಲಿಗೆ ದುಡ್ಡು ಕೊಡಬೇಕಾಗಬಹುದು. ಬಂದು ಕುರ್ಚಿಯ ಮೇಲೆ ಕೂತೇ ರಾಜೀನಾಮೆ ಕೊಡು ಅಂತ ಬಲವಂತ ಮಾಡಿಸಲು ಮಾತ್ರ ಯಾವ ಕೋರ್ಟೂ ಇಲ್ಲ.

ಮೂರು ತಿಂಗಳ ಬೇಸಿಕ್? ಕಂಪನಿ ಅವಳಿಗೆ ಸಂಬಳ ಕೊಡಲಿಲ್ಲ, ತರಬೇತಿ ಕೊಡಲಿಲ್ಲ. ಐದು ತಿಂಗಳು ಕಟ್ಟಿದ್ದು ಅವಳ ಮನೆಯವರ ಆರೋಗ್ಯ ವಿಮೆಯ ಕಂತು. ಖರ್ಚು ಅಂತ ಇದ್ದರೆ ಅದು. ಅರ್ಧ ಸಂಬಳವೋ ಕಾಲೇಜಿನ ಫೀಸೋ ಪಡೆದು ಹೋಗಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಗ್ರಾಚ್ಯುಟಿ? ಇಲ್ಲಿ ಕಾನೂನು ಅವಳ ಪರವಾಗಿ ಗಟ್ಟಿಯಾಗಿದೆ. 1972ರ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಐದು ವರ್ಷದ ನಿರಂತರ ಸೇವೆ ಮುಗಿಸಿ ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಇದೆ. ರಜೆಯಿಂದ ಸೇವೆಯ ನಿರಂತರತೆ ಮುರಿಯಲ್ಲ. ಅದನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಸ್ತಿಗೆ ಹಾನಿ ಮಾಡಿ ವಜಾ ಆಗಿರಬೇಕು, ಹೊಡೆದಾಟಕ್ಕೋ ನೀತಿಗೆಟ್ಟ ಅಪರಾಧಕ್ಕೋ ವಜಾ ಆಗಿರಬೇಕು. ಸಬ್ಯಾಟಿಕಲ್ ಬಾಂಡ್ ಮುರಿದಿದ್ದು ಆ ಪಟ್ಟಿಯಲ್ಲಿ ಇಲ್ಲ. ಬಾಕಿ ಸಂಬಳದ ಮಾತೂ ಹಾಗೆಯೇ. ಕಂಪನಿಯೇ ತೆಗೆದುಹಾಕಿದರೆ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ 1936ರ ಕಾಯ್ದೆಯಲ್ಲಿತ್ತು. ರಾಜೀನಾಮೆ ಕೊಟ್ಟವರಿಗೂ ಅದೇ ಗಡುವು ಬಂದದ್ದು 2019ರ ವೇತನ ಸಂಹಿತೆಯಲ್ಲಿ, ಅದು ಜಾರಿಯಾದದ್ದು 2025ರ ನವೆಂಬರ್ 21ರಂದು.

ಅವಳು ಸಿಟ್ಟಿನ ಮೇಲ್ ಬರೆಯಲಿಲ್ಲ. ನಾಲ್ಕು ಸಾಲು ಬರೆದಳು. ರಾಜೀನಾಮೆಯ ತಾರೀಕು ಇದು, ನೋಟಿಸ್ ಇಂದಿನಿಂದ. ಕಮ್ಮಿ ಬಿದ್ದ ದಿನಗಳಿಗೆ ಪಾಲಿಸಿ ಪ್ರಕಾರ ಕೊಡಲು ತಯಾರಿದ್ದೇನೆ. ಸಬ್ಯಾಟಿಕಲ್‌ನಲ್ಲಿ ನನಗಾಗಿ ಮಾಡಿದ ಖರ್ಚಿನ ವಿವರ ಕಳಿಸಿ. ಗ್ರಾಚ್ಯುಟಿಯ ಅರ್ಜಿ ಲಗತ್ತಿಸಿದೆ. ಹದಿನೈದು ದಿನ ಸದ್ದಿಲ್ಲ. ಆಮೇಲೆ ವಿಮೆಯ ಕಂತು ಮತ್ತು ಒಂದು ತಿಂಗಳ ನೋಟಿಸ್ ಹಣ ಮುರಿದುಕೊಂಡು ಉಳಿದದ್ದನ್ನು ಹಾಕಿದರು. ಮೂರು ತಿಂಗಳ ಬೇಸಿಕ್‌ನ ಮಾತು ಮತ್ತೆ ಬರಲಿಲ್ಲ. ಗ್ರಾಚ್ಯುಟಿ ಪೂರ್ತಿ ಬಂತು. ಅವಳು ಪೂರ್ತಿ ಗೆದ್ದಳು ಅಂತ ಹೇಳಲ್ಲ, ಆ ಒಂದು ತಿಂಗಳ ದುಡ್ಡಿಗೆ ಫಿಸಿಯೋಥೆರಪಿ ಆಗುತ್ತಿತ್ತು.

ಫೋನ್ ಇಡುವ ಮೊದಲು ಅವಳಿಗೆ ಆ ಹಳೆಯ ಏಳನೇ ವರ್ಷದ ನಿಯಮ ಹೇಳಿದೆ. ಆರು ವರ್ಷ ದುಡಿದ ಆಳನ್ನು ಬಿಡಬೇಕು, ಬರಿಗೈಯಲ್ಲಿ ಕಳಿಸಬಾರದು, ಉಳಿಯುತ್ತೇನೆ ಅನ್ನುವವನಿಗೆ ಮಾತ್ರ ಕಿವಿ ಚುಚ್ಚುವುದು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಅವಳ ಅಪ್ಪ ಏನೋ ಕೇಳುತ್ತಿದ್ದ ಸದ್ದು.

"ನಂಗೆ ಇದು ಏಳನೇ ವರ್ಷವೇ ಅಲ್ವಾ ಮಾರಾಯ" ಅಂದಳು. "ಅಪ್ಪಂಗೆ ಮಾತ್ರೆ ಕೊಡೋ ಹೊತ್ತಾಯ್ತು, ಇಡ್ತೀನಿ."